ಮೂಗಿನ ಭಾರ

ಲ್ಯಾರಮಿ ದಾಟಿ ಐವತ್ತು ಮೈಲಿ.
ಎಲ್ಕ್ ಪರ್ವತದ ಬುಡದಲ್ಲಿ ಗಾಳಿಗೆ ಬೇರೆ ಕೆಲಸವಿಲ್ಲ,
ಹಿಮ ತಡೆಯುವ ಮರದ ಬೇಲಿಗಳ
ಹಲ್ಲು ಎಣಿಸುತ್ತ ಕೂತಿರುತ್ತದೆ ಹಗಲೆಲ್ಲ.

ಸ್ಟಿಯರಿಂಗು ನನ್ನ ಕೈಯಲ್ಲಿ. ಪಕ್ಕದಲ್ಲಿ ಡೆಲ್ಬರ್ಟ್
ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತಿದ್ದ.
ಹಿಂದೆ ನಮ್ಮ ಹದಿನೆಂಟಡಿಯ ಟ್ರೇಲರು,
ಹಗುರವೆಂದರೆ ಹಗುರ, ಮೊಟ್ಟೆಯ ಚಿಪ್ಪು.
"ಎಳೀತಿದೀವಿ ಅಂತ ಗೊತ್ತೇ ಆಗಲ್ಲ" ಎಂದಿದ್ದ ಮಾರಿದವನು.
ಗೊತ್ತಾಯಿತು.

ಕುರಿ ತುಂಬಿದ ಲಾರಿಯೊಂದು ಎಡಗಡೆಯಿಂದ ಬಂತು.
ಮೊದಲು ನೂಕಿತು,
ಆಮೇಲೆ ತನ್ನತ್ತ ಸೆಳೆದುಕೊಂಡಿತು, ಗದರಿ ಮುದ್ದಿಸುವವರ ಹಾಗೆ.
ಟ್ರೇಲರಿನ ಬೆನ್ನು ಬಲಗನ್ನಡಿಯಲ್ಲಿ ಕಂಡಿತು,
ಎಡಗನ್ನಡಿಯಲ್ಲಿ ಕಂಡಿತು, ಮತ್ತೆ ಬಲ,
ಪ್ರತಿ ಸಲವೂ ಇನ್ನೊಂದು ಗೇಣು ಹೆಚ್ಚು,
ಮೇಷ್ಟ್ರು ಹೊರಗೆ ಹೋದ ತರಗತಿಯ ಗದ್ದಲ ಏರುವಂತೆ.

ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು.
ಬೇಡ.
ಹೇಳಿದ್ದು ಡೆಲ್ಬರ್ಟ್ ಅಲ್ಲ;
ಇಗರ್ಜಿಯ ಮೆಟ್ಟಿಲು ಹತ್ತದೆ ಇಪ್ಪತ್ತು ವರ್ಷವಾದವನು
ತೊಡೆಯ ಮೇಲೆ ಕಾಫಿ ಚೆಲ್ಲಿಕೊಂಡು ಏಸುವನ್ನು ಕೂಗುತ್ತಿದ್ದ.
ಹೇಳಿದ್ದು ಆ ಕಾಲೇ.
ಹೆಪ್ಪುಗಟ್ಟಿದ ರಸ್ತೆಗಳಲ್ಲಿ ಶಾಲೆಯ ಬಸ್ಸು ಓಡಿಸಿದ ಕಾಲು;
ಜಾರುವುದರ ಜೊತೆ ಜಗಳವಾಡಬಾರದೆಂದು ಬಲ್ಲದು.

ಚಕ್ರವನ್ನು ನೆಟ್ಟಗೆ ಹಿಡಿದೆ, ಆ ಕಡೆ ಈ ಕಡೆ ತಿರುಗಿಸಲಿಲ್ಲ.
ಆಕ್ಸಿಲರೇಟರಿನಿಂದ ಪಾದ ಎತ್ತಿದೆ,
ನಿದ್ದೆಹೋದ ಮಗುವಿನ ತಲೆಯಡಿಯಿಂದ ತೋಳು ಬಿಡಿಸಿಕೊಳ್ಳುವಷ್ಟು ನಿಧಾನ.
ಮೊಣಕಾಲಿನ ಬಳಿಯ ಪುಟ್ಟ ಪೆಟ್ಟಿಗೆಯಲ್ಲಿ
ಟ್ರೇಲರಿನದೇ ಬ್ರೇಕಿದೆ. ಹೆಬ್ಬೆರಳಲ್ಲಿ ಒತ್ತಿದೆ.
ಹಿಂದಿನದು ಹಿಂದಕ್ಕೆ ಜಗ್ಗಿತು, ಕೊಂಡಿ ಬಿಗಿಯಿತು.
ಬಲ. ಎಡ.
ಬಲ.
ಎಡ ಬರಲಿಲ್ಲ.

ರಾಲಿನ್ಸ್‌ನ ಗ್ರೇಶಿಯಾ ಎಚೆವೆರಿ,
ಕುರಿ ಕಾಯಲು ಬಂದ ಬಾಸ್ಕ್ ಮುದುಕನ ಮೊಮ್ಮಗಳು,
ಈಗ ಕೊಂಡಿ ಸರಪಳಿ ಟೈರುಗಳನ್ನು ಕಾಯುವವಳು,
ನಮ್ಮ ಮುಖ ನೋಡಿ ಏನೂ ಕೇಳಲಿಲ್ಲ.
ಮನೆಯೊಳಗಿನಿಂದ ಬಚ್ಚಲಿನ ತೂಕದ ಯಂತ್ರ ತಂದು,
ಮೇಲೊಂದು ಹಲಗೆ ಇಟ್ಟು,
ಟ್ರೇಲರಿನ ಮೂತಿಯನ್ನು ಅದರ ಮೇಲಿಳಿಸಿದಳು.
ಮುಳ್ಳು ನೂರಹತ್ತು ಪೌಂಡಿಗೆ ನಿಂತಿತು.
"ಮೂರು ಸಾವಿರದ ಗಾಡಿ. ಮೂಗಿನ ಮೇಲೆ ಮುನ್ನೂರಾದರೂ ಬೇಕು.
ಬಾಲದಲ್ಲಿ ಏನಿಟ್ಟಿದ್ದೀರಿ?"

ಬಾಲದಲ್ಲಿ ನನ್ನ ಕಲ್ಲುಗಳು.
ಸ್ವೀಟ್‌ವಾಟರ್ ದಂಡೆಯ ಅಗೇಟು, ಹಸಿರು ಜೇಡ್,
ಮೀನಿನ ಮುಳ್ಳು ಅಂಟಿಕೊಂಡ ಕೆಮರರ್‌ನ ಸುಣ್ಣಕಲ್ಲು,
ಚಳಿಗಾಲಕ್ಕೆ ಅರಿಜೋನಾದ ಸಂತೆಯಲ್ಲಿ ಮಾರಲಿಕ್ಕೆ,
ಹನ್ನೊಂದು ಹಾಲಿನ ಕ್ರೇಟು, ಹಿಂದಿನ ಮಂಚದಡಿ.
ಕಾಲಿಗೆ ಎಡವುತ್ತವೆಂದು ಅಲ್ಲಿ ತಳ್ಳಿದ್ದು ಡೆಲ್ಬರ್ಟ್.
ಮುಂದೆ ಅವನ ಬ್ಯಾಂಜೊ, ದಿಂಬುಗಳು,
ಹನ್ನೆರಡು ಸುರುಳಿ ಟಾಯ್ಲೆಟ್ ಪೇಪರು.

ಮೂಗಿಗಿಂತ ಮೂಗುತಿ ಭಾರವಾದರೆ ಜನ ನಗುತ್ತಾರೆ.
ಈ ಗಾಡಿಗೆ ಮೂಗೇ ಭಾರವಾಗಬೇಕಂತೆ;
ಮುಂದೆ ಬಾಗದಿದ್ದರೆ ಹಿಂದೆ ನಿಲ್ಲುವುದಿಲ್ಲ.

ಏಳು ಕ್ರೇಟು ಮುಂದಕ್ಕೆ ಹೋದವು,
ನಾಲ್ಕು ಅಚ್ಚಿನ ಮೇಲೆಯೇ ಕೂತವು.
ಹಿಂದಿನ ತೊಟ್ಟಿಯ ನೀರು ಚರಂಡಿಗೆ ಹೋಯಿತು,
ಟೈರುಗಳಿಗೆ ಗಾಳಿ ಬಂತು.
ಡೆಲ್ಬರ್ಟ್ ಒಂದೊಂದೇ ಕ್ರೇಟು ಹೊರುತ್ತ,
ಏದುಸಿರಿಗೆ ನಿಂತಾಗಲೆಲ್ಲ ನನ್ನ ಚೀಟಿಗಳನ್ನು ಓದಿದ:
ಎಲ್ಲಿ ಸಿಕ್ಕಿದ್ದು, ಯಾವ ತಾರೀಖು.
"ಆರ್ಡಿತ್, ಇದು ನನ್ನ ಆಪರೇಷನ್ನಿನ ದಿನ."
ಹೌದು. ಆಸ್ಪತ್ರೆಯ ಹಿಂದಿನ ಹಳ್ಳದಲ್ಲಿ ಹೆಕ್ಕಿದ್ದು.
ಕೂತಿರಲು ಆಗಿರಲಿಲ್ಲ.

ಗ್ರೇಶಿಯಾ ಕೊಂಡಿಯ ಪಕ್ಕಕ್ಕೊಂದು ಉಜ್ಜುವ ಸಲಾಕೆ ಬಿಗಿದಳು.
"ಇದು ಔಷಧಿ. ಊಟ ಸರಿಯಿದ್ದರೆ ಮಾತ್ರ ಕೆಲಸ ಮಾಡುತ್ತೆ.
ಐವತ್ತೈದು ದಾಟಬೇಡಿ."
ದುಡ್ಡು ಬೇಡವೆಂದು ಒಂದು ಅಗೇಟು ಎತ್ತಿಕೊಂಡಳು,
ಇದ್ದುದರಲ್ಲಿ ಒಳ್ಳೆಯದನ್ನೇ.
ಕಣ್ಣಿದೆ ಹುಡುಗಿಗೆ.

ಸಂಜೆ, ಪಶ್ಚಿಮಕ್ಕೆ.
ಇನ್ನೊಂದು ಲಾರಿ ಬಂತು, ನೂಕಿತು, ಸೆಳೆಯಿತು.
ಡೆಲ್ಬರ್ಟ್ ಫ್ಲಾಸ್ಕು ಮುಟ್ಟಲಿಲ್ಲ.
ಹಿಂದೆ, ಕ್ರೇಟಿನೊಳಗೆಲ್ಲೋ
ಒಂದು ಕಲ್ಲು ಮಗ್ಗುಲು ಬದಲಿಸಿದ ಸದ್ದು.
ಅಷ್ಟೆ.